ಹೆಬ್ಬೆರಳು ಎತ್ತಿದ ಹುಡುಗ: ಸ್ಟೀಫನ್ ಸಟ್ಟನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳು ಬಂದರೆ ನಾನು ಯಾರಿಗಾದರೂ ಈ ಹುಡುಗನ ಕಥೆ ಹೇಳುತ್ತೇನೆ. ಕೆಲವು ಸಲ ಹೈಸ್ಕೂಲ್ ಮಕ್ಕಳಿಗೆ, ಕೆಲವು ಸಲ ಅವರ ಅಪ್ಪ ಅಮ್ಮಂದಿರಿಗೆ. ಕೇಳುವವರು ಬದಲಾಗುತ್ತಾರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಕಾಗದ ಬರೆದು ಕೇಳಿದವರೂ ಇದ್ದಾರೆ, ಮಾತು ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ ಮೆಲ್ಲಗೆ ಕೇಳಿದವರೂ ಇದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಲ್ಲಿ ಇಟ್ಟಿದ್ದೇನೆ.

## ಮೊದಲ ಪರಿಚಯ

ಸ್ಟೀಫನ್ ಸಟ್ಟನ್ ಅಂದ್ರೆ ಯಾರು? ನಾನು ಹೆಸರೇ ಕೇಳಿಲ್ಲ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್‌ನಲ್ಲಿ ಬರ್ನ್‌ಟ್‌ವುಡ್ ಅನ್ನೋ ಊರಿದೆ. ಸ್ಟೀಫನ್ ಅಲ್ಲಿನ ಹುಡುಗ. ಹುಟ್ಟಿದ್ದು 1994ರ ಡಿಸೆಂಬರ್ 16. 2010ರಲ್ಲಿ, 15ನೇ ವಯಸ್ಸಿನಲ್ಲಿ, ಅವನಿಗೆ ಕರುಳಿನ ಕ್ಯಾನ್ಸರ್ ಇದೆ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಕೀಮೋ ಆಯಿತು, ರೇಡಿಯೇಷನ್ ಆಯಿತು. ಕಾಯಿಲೆ ಮತ್ತೆ ಮತ್ತೆ ಬಂತು. ದೇಹದ ಬೇರೆ ಕಡೆಗಳಿಗೆ ಹರಡಿ ಕೊನೆಗೆ ಶ್ವಾಸಕೋಶಕ್ಕೂ ಹೋಯಿತು. 2012ರ ಕೊನೆಯ ಹೊತ್ತಿಗೆ ಡಾಕ್ಟರುಗಳು ಇನ್ನು ಗುಣ ಆಗುವುದಿಲ್ಲ ಅಂತ ಹೇಳಿಬಿಟ್ಟರು. 2014ರ ಮೇ 14ರ ಬೆಳಗಿನ ಜಾವ, ನಿದ್ದೆಯಲ್ಲೇ ತೀರಿಕೊಂಡ. ಆಗ ಅವನಿಗೆ 19 ವರ್ಷ.

ಆ ಮಧ್ಯದ ಒಂದೂವರೆ ವರ್ಷದಲ್ಲಿ ಅವನು ಏನು ಮಾಡಿದ ಅನ್ನೋದಕ್ಕೇ ಜನ ಅವನನ್ನು ನೆನಪಿಟ್ಟುಕೊಂಡಿರುವುದು.

46 ಆಸೆಗಳ ಪಟ್ಟಿ ಅಂತಾರಲ್ಲ, ಅದರಲ್ಲಿ ಏನೇನಿತ್ತು?

ಗುಣ ಆಗುವುದಿಲ್ಲ ಅಂತ ಗೊತ್ತಾದ ಮೇಲೆ, 2013ರ ಜನವರಿಯಲ್ಲಿ, ಸ್ಟೀಫನ್ ಒಂದು ಪಟ್ಟಿ ಬರೆದು ಫೇಸ್‌ಬುಕ್‌ನಲ್ಲಿ ಹಾಕಿದ. ಸಾಯುವ ಮೊದಲು ಮಾಡಬೇಕಾದ 46 ಕೆಲಸಗಳು. ಪಟ್ಟಿ ಓದಿದರೆ ಯಾರೋ ಜ್ಞಾನಿ ಬರೆದದ್ದು ಅಂತ ಖಂಡಿತ ಅನಿಸುವುದಿಲ್ಲ. ಹದಿನೆಂಟರ ಹುಡುಗ ಬರೆದದ್ದು ಅಂತಲೇ ಅನಿಸುತ್ತದೆ. ವಿಮಾನದಿಂದ ಜಿಗಿಯಬೇಕು. ತುಂಬಾ ಜನರ ಮುಂದೆ ಡ್ರಮ್ಸ್ ಬಾರಿಸಬೇಕು. ತನಗಿಂತ ದೊಡ್ಡ ಪ್ರಾಣಿಯನ್ನು ತಬ್ಬಿಕೊಳ್ಳಬೇಕು. ರಬ್ಬರ್ ದೋಣಿಯಲ್ಲಿ ಕೂತು ಜನರ ತಲೆಯ ಮೇಲೆ ತೇಲಬೇಕು. ಒಂದು ವಿಶ್ವದಾಖಲೆ ಮಾಡಬೇಕು.

ಇವುಗಳಲ್ಲಿ ಹೆಚ್ಚಿನವನ್ನು ಮಾಡಿಯೇ ಬಿಟ್ಟ. ಆನೆಯನ್ನು ತಬ್ಬಿಕೊಂಡ. 2013ರ ಮೇ 25ರಂದು ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ಇತ್ತು. ಬಯರ್ನ್ ಮ್ಯೂನಿಕ್ ಮತ್ತು ಬೊರುಸ್ಸಿಯಾ ಡಾರ್ಟ್‌ಮುಂಡ್ ಆಡಿದ ಪಂದ್ಯ. ಅದರ ಆರಂಭದ ಕಾರ್ಯಕ್ರಮದಲ್ಲಿ ಸ್ಟೀಫನ್ ಡ್ರಮ್ಸ್ ಬಾರಿಸಿದ. ವೆಂಬ್ಲಿಯಲ್ಲಿ 90,000 ಜನ ಕೂರಬಹುದು. "ತುಂಬಾ ಜನ" ಅಂತ ಬರೆಯುವಾಗ ಅವನೂ ಇಷ್ಟು ಅಂದುಕೊಂಡಿರಲಿಕ್ಕಿಲ್ಲ. ವಿಶ್ವದಾಖಲೆಯೂ ಆಯಿತು: 554 ಜನ ಒಟ್ಟಿಗೆ ನಿಂತು ಕೈಗಳಿಂದ ಹೃದಯದ ಆಕಾರ ಮಾಡಿದರು. ಇದೂ ಒಂದು ದಾಖಲೆಯಾ ಅಂತ ಮಕ್ಕಳು ನಗುತ್ತಾರೆ. ನಗಲಿ ಬಿಡಿ, ಅದು ನಗುತ್ತಾ ಮಾಡಿದ್ದೇ ಅಲ್ವಾ.

ಪಟ್ಟಿಯಲ್ಲಿ ಇನ್ನೊಂದು ಸಾಲು ಇತ್ತು. ಕ್ಯಾನ್ಸರ್ ಬಂದ ಹದಿಹರೆಯದವರಿಗೆ ಆಸ್ಪತ್ರೆಗಳಲ್ಲಿ ಬೇರೆ ವಾರ್ಡ್ ಮಾಡಿಕೊಡುವ ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಅನ್ನೋ ಸಂಸ್ಥೆಗೆ 10,000 ಪೌಂಡ್ ಒಟ್ಟುಮಾಡಬೇಕು ಅಂತ. ಮುಂದೆ ಬೆಳೆದದ್ದು ಆ ಸಾಲು.

ಹೆಬ್ಬೆರಳು ಎತ್ತಿದ ಆ ಫೋಟೋ ಯಾವಾಗಿನದು?

2014ರ ಏಪ್ರಿಲ್ 22. ಸ್ಟೀಫನ್ ಆಸ್ಪತ್ರೆಯಲ್ಲಿದ್ದ. ಉಸಿರಾಟ ಕಷ್ಟವಾಗಿತ್ತು. ಇದೇ ಕೊನೆ ಅಂತ ಅವನಿಗೂ ಅನಿಸಿತ್ತು. ಹಾಸಿಗೆಯಲ್ಲಿ ಮಲಗಿ ಮುಖಕ್ಕೆ ನಗು ತಂದುಕೊಂಡು, ಹೆಬ್ಬೆರಳು ಎತ್ತಿ ಫೋಟೋ ತೆಗೆದುಕೊಂಡ. ಇದು ನನ್ನ ಕೊನೆಯ ಹೆಬ್ಬೆರಳು ಅನ್ನೋ ಅರ್ಥದ ಮಾತು ಬರೆದು ಎಲ್ಲರಿಗೂ ಥ್ಯಾಂಕ್ಸ್ ಹೇಳಿದ. ಆ ಬರಹದಲ್ಲಿ ಗೋಳು ಇರಲಿಲ್ಲ. ಕ್ಲಾಸ್ ಬಿಟ್ಟಾಗ ಗೆಳೆಯರಿಗೆ ಟಾಟಾ ಮಾಡಿ ಹೋಗುವವನ ಧಾಟಿ ಅದು.

ಅಷ್ಟೊಂದು ದುಡ್ಡು ಹೇಗೆ ಬಂತು? ಯಾರೋ ಶ್ರೀಮಂತರು ಕೊಟ್ಟರಾ?

ಇಲ್ಲ. ಬಂದದ್ದು ಹೆಚ್ಚಾಗಿ ಸಣ್ಣ ಸಣ್ಣ ಮೊತ್ತಗಳು. 10,000 ಪೌಂಡ್ ಗುರಿ ದಾಟಿದ ಮೇಲೆ ಸ್ಟೀಫನ್ ಗುರಿಯನ್ನು ಏರಿಸುತ್ತಾ ಹೋಗಿ 10 ಲಕ್ಷ ಪೌಂಡ್‌ಗೆ ತಂದಿಟ್ಟಿದ್ದ. ಫೋಟೋ ಬಂದ ಮೇಲೆ ಜನ ಅದನ್ನು ಹಂಚಿಕೊಂಡರು. ಜೇಸನ್ ಮ್ಯಾನ್‌ಫರ್ಡ್ ಅನ್ನೋ ಹಾಸ್ಯ ಕಲಾವಿದ ಮುಂದೆ ನಿಂತು ಕೊಡಿ ಕೊಡಿ ಅಂತ ಹುರಿದುಂಬಿಸಿದರು. ಮರುದಿನವೇ 10 ಲಕ್ಷ ದಾಟಿತು. ಸ್ಟೀಫನ್ ತೀರಿಕೊಂಡ ಹೊತ್ತಿಗೆ 30 ಲಕ್ಷ ಪೌಂಡ್ ದಾಟಿತ್ತು. ಆಮೇಲೆ 50 ಲಕ್ಷವನ್ನೂ ದಾಟಿತು.

ಸಾಯ್ತೀನಿ ಅಂದವನು ಮನೆಗೆ ವಾಪಸ್ ಬಂದನಂತೆ. ಹಾಗಾದ್ರೆ ಆ ಫೋಟೋ ನಾಟಕನಾ?

ಈ ಪ್ರಶ್ನೆ ಕೇಳುವವರು ಸ್ವಲ್ಪ ಮುಜುಗರದಿಂದಲೇ ಕೇಳುತ್ತಾರೆ. ನಾಟಕ ಅಲ್ಲ. ಫೋಟೋ ಹಾಕಿದ ಕೆಲವು ದಿನಗಳಲ್ಲಿ ಅವನು ಜೋರಾಗಿ ಕೆಮ್ಮಿದಾಗ ಗಡ್ಡೆಯ ಒಂದು ಭಾಗ ಹೊರಗೆ ಬಂತು ಅಂತ ಅವನೇ ಬರೆದಿದ್ದ. ಉಸಿರಾಟದ ದಾರಿ ಸ್ವಲ್ಪ ತೆರೆದುಕೊಂಡಿತು. ಮೇ ಮೊದಲ ವಾರದಲ್ಲಿ ಮನೆಗೆ ಕಳಿಸಿದರು. ಕೆಲವೇ ದಿನಗಳಲ್ಲಿ ಮತ್ತೆ ಸೇರಿಸಬೇಕಾಯಿತು. ಹಾಗೆ ಸೇರಿದವನು ಮತ್ತೆ ಮನೆಗೆ ಬರಲಿಲ್ಲ.

ಕೊನೆಯ ಹಂತದ ಕಾಯಿಲೆ ನೇರ ಇಳಿಜಾರಿನ ಹಾಗೆ ಇರುವುದಿಲ್ಲ. ಇವತ್ತು ರಾತ್ರಿ ಕಳೆಯುವುದು ಕಷ್ಟ ಅಂದವರು ಮರುದಿನ ಎದ್ದು ಟೀ ಕೇಳುತ್ತಾರೆ. ಚೆನ್ನಾಗಿಯೇ ಮಾತಾಡುತ್ತಿದ್ದವರು ಸಂಜೆಗೆ ಇರುವುದಿಲ್ಲ. ಮನೆಯಲ್ಲಿ ರೋಗಿ ನೋಡಿಕೊಂಡವರಿಗೆ ಇದು ಗೊತ್ತು. ದೂರದಿಂದ ನೋಡಿದವರಿಗೆ ಸಂಶಯ ಬರುತ್ತದೆ.

## ಕಾಯಿಲೆಯ ಬಗ್ಗೆ

15 ವರ್ಷಕ್ಕೇ ಕರುಳಿನ ಕ್ಯಾನ್ಸರ್ ಬರುತ್ತಾ? ಅದು ವಯಸ್ಸಾದವರ ಕಾಯಿಲೆ ಅಲ್ವಾ?

ಹೆಚ್ಚಾಗಿ ಹೌದು. ಹದಿಹರೆಯದಲ್ಲಿ ಅದು ತುಂಬಾ ಅಪರೂಪ. ಆ ವಯಸ್ಸಿನಲ್ಲಿ ಜಾಸ್ತಿ ಕಾಣುವುದು ಬೇರೆ: ರಕ್ತದ ಕ್ಯಾನ್ಸರ್, ಲಿಂಫೋಮಾ ಅನ್ನೋ ದುಗ್ಧಗ್ರಂಥಿಗಳ ಕ್ಯಾನ್ಸರ್, ಮೆದುಳಿನ ಗಡ್ಡೆ, ಮೂಳೆಯ ಕ್ಯಾನ್ಸರ್, ಥೈರಾಯ್ಡ್, ಹುಡುಗರಲ್ಲಿ ವೃಷಣದ ಕ್ಯಾನ್ಸರ್. ಸ್ಟೀಫನ್ ವಿಷಯದಲ್ಲಿ ಮನೆತನದ ಕಾರಣ ಒಂದಿತ್ತು. ಅದಕ್ಕೆ ಕೆಳಗೆ ಬೇರೆ ಉತ್ತರ ಇದೆ.

ಡಾಕ್ಟರಿಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ?

ಅವನ ಕಥೆಯಲ್ಲಿ ನನಗೆ ಇವತ್ತಿಗೂ ಕಸಿವಿಸಿ ಆಗುವ ಭಾಗ ಇದು. ಸ್ಟೀಫನ್‌ಗೆ ಹೊಟ್ಟೆನೋವು ಇತ್ತು, ಮಲವಿಸರ್ಜನೆಯ ತೊಂದರೆ ಇತ್ತು. ಮನೆತನದಲ್ಲಿ ಈ ಕ್ಯಾನ್ಸರ್ ಇದೆ ಅನ್ನೋ ವಿಷಯವೂ ಗೊತ್ತಿತ್ತು. ಆದರೂ ಮಲಬದ್ಧತೆ ಅಂತ ತಿಳಿದು ಅದಕ್ಕೇ ಔಷಧಿ ಕೊಟ್ಟರು. ತಿಂಗಳುಗಳು ಹೋದವು. ಕೊನೆಗೆ ತುರ್ತಾಗಿ ಆಸ್ಪತ್ರೆಗೆ ಸೇರಿಸಿ ಆಪರೇಷನ್ ಮಾಡಿದಾಗಲೇ ಕ್ಯಾನ್ಸರ್ ಅಂತ ಗೊತ್ತಾದದ್ದು. ಬೇಗ ಹಿಡಿದಿದ್ದರೆ ತನ್ನ ಕಥೆ ಬೇರೆ ಆಗಿರಬಹುದಿತ್ತು ಅಂತ ಸ್ಟೀಫನ್ ಸ್ವತಃ ಹೇಳಿಕೊಂಡಿದ್ದ. ಸಿಟ್ಟು ಇರಲಿಲ್ಲ ಅಂತಲ್ಲ. ಆ ಸಿಟ್ಟನ್ನು ಇಟ್ಟುಕೊಂಡು ಕೂರಲಿಲ್ಲ, ಅಷ್ಟೇ.

ಡಾಕ್ಟರಿಗೂ ಇಲ್ಲಿ ಒಂದು ಕಷ್ಟ ಇದೆ. ಹೊಟ್ಟೆನೋವು ಅಂತ ಬರುವ ಹದಿಹರೆಯದವರಲ್ಲಿ ಬಹುತೇಕ ಎಲ್ಲರಿಗೂ ಸಣ್ಣಪುಟ್ಟ ಕಾರಣವೇ ಇರುತ್ತದೆ. ಪರೀಕ್ಷೆ, ಊಟ ತಪ್ಪಿಸುವುದು, ನೀರು ಕಡಿಮೆ ಕುಡಿಯುವುದು. ಕ್ಯಾನ್ಸರ್ ಅನ್ನೋದು ಡಾಕ್ಟರ ಮನಸ್ಸಿಗೆ ಬರುವುದೇ ಇಲ್ಲ. ಹುಡುಗರ ಕಡೆಯೂ ಒಂದು ತೊಡಕು ಇದೆ. ಮಲದ ಬಗ್ಗೆ ಮಾತಾಡಲು ನಾಚಿಕೆ. ಅಮ್ಮನ ಹತ್ತಿರವೂ ಹೇಳುವುದಿಲ್ಲ. ಸ್ಟೀಫನ್ ಲಕ್ಷಾಂತರ ಜನರ ಮುಂದೆ ನನ್ನ ಕರುಳಲ್ಲಿ ಗಡ್ಡೆ ಇತ್ತು ಅಂತ ನಗುತ್ತಾ ಹೇಳಿದ. ಅವನ ಧೈರ್ಯ ಅಂದಾಗ ನನಗೆ ಮೊದಲು ನೆನಪಾಗುವುದು ಆನೆಯೂ ಅಲ್ಲ, ಪ್ಯಾರಾಚೂಟೂ ಅಲ್ಲ. ಇದು.

ಹಾಗಾದ್ರೆ ನಮ್ಮ ಮಕ್ಕಳಲ್ಲಿ ಏನು ಗಮನಿಸಬೇಕು?

ಸುಮ್ನೆ ಹೆದರಬೇಡಿ. ಮಲದಲ್ಲಿ ರಕ್ತ ಕಂಡರೆ ಅದು ಹೆಚ್ಚಾಗಿ ಮೂಲವ್ಯಾಧಿಯೋ ಗುದದ್ವಾರದ ಸೀಳೋ ಆಗಿರುತ್ತದೆ. ಆದರೂ ತೋರಿಸಿ. ಮಲ ಹೋಗುವ ರೀತಿ ಮೂರು ವಾರವಾದರೂ ಮೊದಲಿನ ಹಾಗೆ ಆಗದಿದ್ದರೆ ತೋರಿಸಿ. ಕಾರಣವಿಲ್ಲದೆ ತೂಕ ಇಳಿಯುವುದು, ಹೋಗದ ಸುಸ್ತು, ರಕ್ತ ಕಡಿಮೆ ಇದೆ ಅನ್ನೋ ರಿಪೋರ್ಟ್, ಮುಟ್ಟಿದರೆ ಸಿಗುವ ಗಂಟು, ರಾತ್ರಿ ನಿದ್ದೆ ಕೆಡಿಸುವ ಮೂಳೆನೋವು, ಇವೂ ಅಷ್ಟೇ. ಒಂದೇ ತೊಂದರೆಗೆ ಮೂರು ಸಲ ಹೋಗಿ ಬಂದರೂ ಕಡಿಮೆ ಆಗಿಲ್ಲ ಅಂದರೆ, "ಡಾಕ್ಟ್ರೇ, ಇದು ಬೇರೆ ಏನಾದರೂ ಇರಬಹುದಾ?" ಅಂತ ಬಾಯಿಬಿಟ್ಟು ಕೇಳಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಕ್ಯಾನ್ಸರ್ ಆಗಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಕೇಳಲಿ ಅಂತ ಕಾಯಬೇಡಿ.

ಲಿಂಚ್ ಸಿಂಡ್ರೋಮ್ ಅಂದ್ರೇನು? ಅಪ್ಪನಿಗೆ ಇದ್ದರೆ ಮಕ್ಕಳಿಗೆ ಬಂದೇ ಬರುತ್ತಾ?

ಸ್ಟೀಫನ್‌ನ ಮನೆತನದಲ್ಲಿ ಇದ್ದದ್ದು ಇದೇ. ಅವನ ತಂದೆಗೂ ಕರುಳಿನ ಕ್ಯಾನ್ಸರ್ ಆಗಿತ್ತು.

ನಮ್ಮ ಜೀವಕೋಶ ಎರಡಾಗುವಾಗಲೆಲ್ಲ ಡಿಎನ್‌ಎ ನಕಲಾಗುತ್ತದೆ. ನಕಲು ಅಂದಮೇಲೆ ತಪ್ಪು ಇದ್ದದ್ದೇ. ಪುಸ್ತಕ ಅಚ್ಚಾಗುವ ಮೊದಲು ಕರಡು ತಿದ್ದುವವರು ಇರುತ್ತಾರಲ್ಲ, ಹಾಗೆ ಆ ತಪ್ಪು ತಿದ್ದಲು ಕೆಲವು ಜೀನ್‌ಗಳಿವೆ. ಎಂಎಲ್‌ಎಚ್1, ಎಂಎಸ್‌ಎಚ್2, ಎಂಎಸ್‌ಎಚ್6, ಪಿಎಂಎಸ್2 ಅಂತ ಅವುಗಳ ಹೆಸರು. ಇವುಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೆ ಅದೇ ಲಿಂಚ್ ಸಿಂಡ್ರೋಮ್. ತಪ್ಪುಗಳು ಸೇರುತ್ತಾ ಹೋಗುತ್ತವೆ. ಕರುಳಿನ ಕ್ಯಾನ್ಸರ್, ಹೆಂಗಸರಲ್ಲಿ ಗರ್ಭಕೋಶದ ಕ್ಯಾನ್ಸರ್, ಇವು ಬರುವ ಸಾಧ್ಯತೆ ಹೆಚ್ಚುತ್ತದೆ.

ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೆ ಅದು ದಾಟುವ ಸಾಧ್ಯತೆ 50%. ನಾಣ್ಯ ಚಿಮ್ಮಿದ ಹಾಗೆ. ಅಣ್ಣನಿಗೆ ಬಂತು, ಹಾಗಾಗಿ ತಮ್ಮನಿಗೆ ಬರುವುದಿಲ್ಲ ಅನ್ನೋ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜೀನ್ ಬಂದರೆ ಕ್ಯಾನ್ಸರ್ ಬಂದೇ ಬರುತ್ತದೆ ಅಂತಲೂ ಇಲ್ಲ. ರಕ್ತ ಪರೀಕ್ಷೆಯಲ್ಲಿ ಜೀನ್ ಗೊತ್ತಾಗುತ್ತದೆ. ಇದ್ದವರಿಗೆ ಬ್ರಿಟನ್ನಿನಲ್ಲಿ ಎರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ, ಮಾಡುತ್ತಾರೆ. ಯಾವ ಜೀನ್ ಅನ್ನೋದರ ಮೇಲೆ 25ರಿಂದಲೋ 35ರಿಂದಲೋ ಶುರು. ಗಮನಿಸಿ, 25. ಸ್ಟೀಫನ್‌ಗೆ 15ಕ್ಕೇ ಬಂತು. ಲಿಂಚ್ ಇರುವವರಲ್ಲೂ ಅದು ತೀರಾ ಬೇಗ.

ಆಸ್ಪಿರಿನ್ ತಗೊಂಡರೆ ತಡೆಯಬಹುದಂತೆ, ನಿಜವಾ?

ಲಿಂಚ್ ಇರುವವರ ಮಟ್ಟಿಗೆ ಒಳ್ಳೆ ಆಧಾರ ಇದೆ. ಬ್ರಿಟನ್ನಿನ ಜಾನ್ ಬರ್ನ್ ಅನ್ನೋ ತಜ್ಞರು ನಡೆಸಿದ ಅಧ್ಯಯನದಲ್ಲಿ ಲಿಂಚ್ ಇದ್ದ 861 ಜನ ಇದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್, ಉಳಿದವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಆಸ್ಪಿರಿನ್ ತೆಗೆದುಕೊಂಡವರಲ್ಲಿ 9% ಜನರಿಗೆ, ಉಳಿದವರಲ್ಲಿ 13% ಜನರಿಗೆ ಕರುಳಿನ ಕ್ಯಾನ್ಸರ್ ಬಂದಿತ್ತು. 2020ರಲ್ಲಿ ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿಯಲ್ಲೂ ಇದು ಸೇರಿತು.

ಇದನ್ನು ಓದಿ ಮನೆಮಂದಿಗೆಲ್ಲ ಆಸ್ಪಿರಿನ್ ಕೊಡಬೇಡಿ. ಹೊಟ್ಟೆಯಲ್ಲಿ ರಕ್ತ ಸುರಿಯುವ ಅಪಾಯ ಅದಕ್ಕಿದೆ. ಮಕ್ಕಳಿಗಂತೂ ಡಾಕ್ಟರ್ ಹೇಳದೆ ಕೊಡಲೇಬಾರದು.

ಹದಿಹರೆಯದವರಿಗೆ ಅಂತ ಬೇರೆ ವಾರ್ಡ್ ಯಾಕೆ? ದುಡ್ಡು ಔಷಧಿ ಸಂಶೋಧನೆಗೆ ಕೊಡಬಹುದಿತ್ತಲ್ಲ?

ನಾನೂ ಮೊದಲು ಹೀಗೇ ಯೋಚಿಸಿದ್ದೆ. ಆಮೇಲೆ ನಮ್ಮ ನೆಂಟರ ಮನೆಯ ಹುಡುಗಿಯನ್ನು ನೋಡಲು ಆಸ್ಪತ್ರೆಗೆ ಹೋಗಿದ್ದೆ. ಅವಳಿಗೆ 16. ಮಕ್ಕಳ ವಾರ್ಡಿನಲ್ಲಿ ಹಾಕಿದ್ದರು. ಗೋಡೆ ತುಂಬ ಮೊಲ, ಆನೆ, ಬಲೂನು. ಪಕ್ಕದ ಹಾಸಿಗೆಯಲ್ಲಿ ಮೂರು ವರ್ಷದ ಮಗು ಅಳುತ್ತಿತ್ತು. ನರ್ಸ್ ಬಂದು ಅವಳಿಗೂ "ಪುಟ್ಟಿ, ಬಾಯಿ ತೆಗಿ" ಅಂದರು. ಅವಳು ನನ್ನ ಮುಖ ನೋಡಿದ ರೀತಿ ಮರೆತಿಲ್ಲ. ದೊಡ್ಡವರ ವಾರ್ಡಿಗೆ ಹಾಕಿದ್ದರೆ ಸುತ್ತ ಎಪ್ಪತ್ತು ದಾಟಿದವರು ಇರುತ್ತಿದ್ದರು, ಅದೂ ಸರಿಯಿಲ್ಲ.

ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಕೆಲಸ ಮಾಡುವುದು 13ರಿಂದ 24 ವಯಸ್ಸಿನವರಿಗೆ. ಅದರ ಮೊದಲ ಘಟಕ 1990ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಬಣ್ಣ ಬಳಿದ ಗೋಡೆ, ಸಂಗೀತ ಕೇಳುವ ಜಾಗ, ಗೆಳೆಯರು ಬಂದು ಕೂರಬಹುದಾದ ಸೋಫಾ ಮಾತ್ರ ಅಲ್ಲ. ಈ ವಯಸ್ಸಿನ ಪ್ರಶ್ನೆಗಳು ಗೊತ್ತಿರುವ ನರ್ಸ್‌ಗಳು ಇರುತ್ತಾರೆ. ಪರೀಕ್ಷೆ ಬರೆಯಬಹುದಾ? ಕೂದಲು ಯಾವಾಗ ಉದುರುತ್ತದೆ? ಮುಂದೆ ನನಗೆ ಮಕ್ಕಳಾಗುತ್ತಾ? ಈ ಕೊನೆಯ ಪ್ರಶ್ನೆಯನ್ನು ಕೀಮೋ ಶುರುವಾಗುವ ಮೊದಲೇ ಮಾತಾಡಬೇಕು, ಯಾಕೆಂದರೆ ವೀರ್ಯವನ್ನೋ ಅಂಡಾಣುವನ್ನೋ ತೆಗೆದಿಡುವ ಅವಕಾಶ ಇರುವುದು ಆಗಲೇ. ಹದಿನಾರರ ಹುಡುಗನ ಹತ್ತಿರ, ಅಪ್ಪ ಅಮ್ಮ ಪಕ್ಕದಲ್ಲಿ ನಿಂತಿರುವಾಗ, ಇದನ್ನು ಮಾತಾಡಲು ಅಭ್ಯಾಸ ಬೇಕು.

ಸಂಶೋಧನೆಗೂ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಇವತ್ತು ಹಾಸಿಗೆಯಲ್ಲಿ ಇರುವವನಿಗೆ ಇವತ್ತೇ ಬೇಕಾದದ್ದು ಬೇರೆ.

## ನೆನಪಿಸಿಕೊಳ್ಳುವ ಬಗ್ಗೆ

ಟೆರ್ರಿ ಫಾಕ್ಸ್ ಕೂಡ ಹೀಗೇ ಅಲ್ವಾ? ಇಬ್ಬರಿಗೂ ಏನು ವ್ಯತ್ಯಾಸ?

ಕೆನಡಾದ ಟೆರ್ರಿ ಫಾಕ್ಸ್‌ಗೆ 18ರಲ್ಲಿ ಮೂಳೆಯ ಕ್ಯಾನ್ಸರ್ ಬಂದು ಬಲಗಾಲು ತೆಗೆಯಬೇಕಾಯಿತು. 1980ರ ಏಪ್ರಿಲ್ 12ರಂದು ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನ, 5,373 ಕಿಲೋಮೀಟರ್. ಥಂಡರ್ ಬೇ ಹತ್ತಿರ ನಿಲ್ಲಿಸಬೇಕಾಯಿತು, ಕ್ಯಾನ್ಸರ್ ಶ್ವಾಸಕೋಶಕ್ಕೆ ಬಂದಿತ್ತು. 1981ರ ಜೂನ್ 28ರಂದು, 23 ತುಂಬಲು ಒಂದು ತಿಂಗಳು ಇರುವಾಗ, ತೀರಿಕೊಂಡ. ಅವನ ಹೆಸರಿನ ಓಟ ಅದೇ ವರ್ಷ ಶುರುವಾಗಿ ಇಂದಿಗೂ ನಡೆಯುತ್ತದೆ. 80 ಕೋಟಿ ಕೆನಡಾ ಡಾಲರ್‌ಗೂ ಹೆಚ್ಚು ಹಣ ಕ್ಯಾನ್ಸರ್ ಸಂಶೋಧನೆಗೆ ಬಂದಿದೆ.

ಟೆರ್ರಿ ಮೈಮುರಿದು ಓಡಿದ. ಸ್ಟೀಫನ್ ತಮಾಷೆ ಮಾಡುತ್ತಾ ಹೋದ. ಯಾರು ದೊಡ್ಡವರು ಅಂತ ಮಕ್ಕಳು ಕೇಳುತ್ತಾರೆ. ಆ ಆಟಕ್ಕೆ ನಾನು ಹೋಗುವುದಿಲ್ಲ.

'ಕ್ಯಾನ್ಸರ್ ವಿರುದ್ಧ ಹೋರಾಡಿ ಸೋತ' ಅಂತ ಬರೆಯಬಹುದಾ?

ಬರೆಯುತ್ತಾರೆ. ನಾನು ಬರೆಯುವುದಿಲ್ಲ. ಸೋತ ಅಂದರೆ ಇನ್ನೂ ಸ್ವಲ್ಪ ಜೋರಾಗಿ ಹೋರಾಡಿದ್ದರೆ ಗೆಲ್ಲುತ್ತಿದ್ದ ಅಂತ ಆಗುತ್ತದೆ. ಗುಣವಾದವನು ಗಟ್ಟಿಗ, ಸತ್ತವನು ದುರ್ಬಲ ಅಂತ ಆಗುತ್ತದೆ. ಕಾಯಿಲೆ ಹಾಗೆ ಲೆಕ್ಕ ಹಾಕುವುದಿಲ್ಲ. ಗಡ್ಡೆ ಯಾವ ಜಾತಿಯದು, ಎಷ್ಟು ಬೇಗ ಸಿಕ್ಕಿತು, ಔಷಧಿಗೆ ಬಗ್ಗಿತಾ ಅನ್ನೋದರ ಮೇಲೆ ನಡೆಯುತ್ತದೆ.

ಸ್ಟೀಫನ್ ಕೂಡ ತನ್ನ ಬದುಕನ್ನು ಎಷ್ಟು ವರ್ಷ ಅಂತ ಅಳೆಯುವುದನ್ನು ಬಿಟ್ಟಿದ್ದ. ಏನು ಮಾಡಿದೆ ಅನ್ನೋದರಲ್ಲಿ ಅಳೆಯುತ್ತೇನೆ ಅಂದಿದ್ದ. "ಕ್ಯಾನ್ಸರ್‌ನಿಂದ ತೀರಿಕೊಂಡ" ಅಂತ ಬರೆದರೆ ಸಾಕು. ಆದರೆ ರೋಗಿಯೇ "ನಾನು ಹೋರಾಡ್ತೀನಿ" ಅಂದರೆ ತಿದ್ದಲು ಹೋಗಬೇಡಿ. ಅದು ಅವರ ಮಾತು.

ನನ್ನ ಮಗಳಿಗೂ ಕ್ಯಾನ್ಸರ್. ಸ್ಟೀಫನ್ ಥರ ನಗ್ತಾ ಇರು ಅಂತ ಹೇಳಲಾ?

ಈ ಪ್ರಶ್ನೆಯನ್ನು ಒಬ್ಬ ತಾಯಿ ಕಾಗದದಲ್ಲಿ ಕೇಳಿದ್ದರು. ಉತ್ತರ ಬರೆಯಲು ನನಗೆ ಒಂದು ವಾರ ಬೇಕಾಯಿತು.

ಹೇಳಬೇಡಿ ಅಮ್ಮಾ. ನಗುವುದು ಅವನ ಸ್ವಭಾವ. ಅವನೂ ಯಾವಾಗಲೂ ನಗುತ್ತಿರಲಿಲ್ಲ, ಫೋಟೋದಲ್ಲಿ ನಕ್ಕ. ಉಳಿದ ಗಂಟೆಗಳು ಅವನ ಮನೆಯವರಿಗೆ ಮಾತ್ರ ಗೊತ್ತು. ನಿಮ್ಮ ಮಗಳು ಅಳಲಿ, ಸಿಡುಕಲಿ, ಬಂದವರ ಹತ್ತಿರ ಮಾತಾಡದೆ ಗೋಡೆ ಕಡೆ ತಿರುಗಿ ಮಲಗಲಿ. ನೋವಿನ ಮಧ್ಯೆ ಇನ್ನೊಬ್ಬರನ್ನು ಖುಷಿಯಾಗಿಡುವ ಕೆಲಸವನ್ನೂ ಅವಳ ತಲೆಗೆ ಕಟ್ಟಬೇಡಿ. ಬೆಳಿಗ್ಗೆ ಎದ್ದು ಮತ್ತೆ ಸೂಜಿಗೆ ಕೈ ಚಾಚುತ್ತಾಳಲ್ಲ. ಸ್ಟೀಫನ್ ಕಥೆ ಅವಳಾಗಿ ಕೇಳಿದರೆ ಹೇಳಿ, ಇಲ್ಲದಿದ್ದರೆ ಬೇಡ.

ಮಗನನ್ನು ಕಳಕೊಂಡ ಮನೆಗೆ ಹೋದಾಗ ಏನು ಮಾತಾಡೋದು? ಹೆಸರು ಎತ್ತಿದರೆ ಅಳ್ತಾರೆ ಅಂತ ಭಯ

ಹೆಸರು ಎತ್ತಿ. ನೀವು ಹೆಸರು ಹೇಳಿ ನೆನಪು ಮಾಡುವುದಕ್ಕೆ ಅವರು ಮರೆತೇ ಇಲ್ಲ. ಸ್ಟೀಫನ್ ತೀರಿಕೊಂಡ ದಿನ ಅವನ ತಾಯಿ ಜೇನ್ ಬರೆದದ್ದರ ಸಾರ ಇಷ್ಟು: ಹೆಮ್ಮೆಯಿಂದ ಎದೆ ತುಂಬಿ ಒಡೆಯುತ್ತಿದೆ, ನೋವಿನಿಂದಲೂ ಒಡೆಯುತ್ತಿದೆ. ಎರಡೂ ಒಟ್ಟಿಗೆ. ಹೋದವರು ಸಾಮಾನ್ಯವಾಗಿ ಒಂದನ್ನೇ ಮಾತಾಡುತ್ತಾರೆ. ಬರೀ ಹೊಗಳುತ್ತಾರೆ, ಇಲ್ಲ ಬರೀ ಅಯ್ಯೋ ಅನ್ನುತ್ತಾರೆ.

"ದೇವರಿಗೆ ಒಳ್ಳೆಯವರೇ ಬೇಕು", "ಇನ್ನೊಬ್ಬ ಮಗ ಇದ್ದಾನಲ್ಲ" ಅನ್ನೋ ಮಾತು ಬೇಡವೇ ಬೇಡ. ನಿಮಗೆ ಗೊತ್ತಿರುವ ಒಂದು ಸಣ್ಣ ಸಂಗತಿ ಹೇಳಿ. ಅವನು ಸೈಕಲ್ ಸಾಲ ಪಡೆದು ವಾಪಸ್ ಕೊಡದೇ ಇದ್ದದ್ದು, ಕ್ಲಾಸಿನಲ್ಲಿ ಕೀಟಲೆ ಮಾಡಿ ಬೈಸಿಕೊಂಡದ್ದು. ತಂದೆ ತಾಯಿಗೆ ಗೊತ್ತಿಲ್ಲದ ಮಗ ನಿಮ್ಮ ಹತ್ತಿರ ಒಂಚೂರು ಇರುತ್ತಾನೆ. ಮೊದಲ ತಿಂಗಳು ಮನೆ ತುಂಬ ಜನ ಇರುತ್ತಾರೆ. ನೀವು ಆರನೇ ತಿಂಗಳಲ್ಲಿ ಹೋಗಿ.

ಅವನಿಗೆ ಸರ್ಕಾರದಿಂದ ಗೌರವ ಏನಾದರೂ ಸಿಕ್ಕಿತಾ?

ಎಂಬಿಇ ಅನ್ನೋ ಬ್ರಿಟಿಷ್ ಗೌರವ. ಸಾಯುವ ಮೊದಲೇ ಅವನು ಒಪ್ಪಿಕೊಂಡಿದ್ದ. ಪದಕ ಬಂದದ್ದು ತೀರಿಕೊಂಡ ಮೇಲೆ. ಲಿಚ್‌ಫೀಲ್ಡ್ ಕೆಥೆಡ್ರಲ್ ಅನ್ನೋ ದೊಡ್ಡ ಚರ್ಚಿನಲ್ಲಿ ಅವನ ಶವಪೆಟ್ಟಿಗೆ ಇಟ್ಟಾಗ ಸಾವಿರಾರು ಜನ ಬಂದು ನೋಡಿ ಹೋದರು. ಹೆಬ್ಬೆರಳು ಎತ್ತಿ ಬೀಳ್ಕೊಟ್ಟರು.

ಬದುಕಿದ್ದರೆ ಈಗ 30 ದಾಟಿರ್ತಿತ್ತು. ಆದರೂ ನೀವು 'ಅವನು', 'ಹುಡುಗ' ಅಂತಲೇ ಯಾಕೆ ಅಂತೀರಿ?

ಒಬ್ಬ ಮೇಷ್ಟ್ರು ಕೇಳಿದ ಪ್ರಶ್ನೆ. ಇಷ್ಟು ದೊಡ್ಡ ಕೆಲಸ ಮಾಡಿದವರಿಗೆ ಬಹುವಚನ ಬೇಡವೇ ಅಂತ. ನಾನು ಒಂದು ಸಲ ಪ್ರಯತ್ನಪಟ್ಟೆ. "ಸ್ಟೀಫನ್ ಅವರು ಆನೆಯನ್ನು ತಬ್ಬಿಕೊಂಡರು" ಅಂದೆ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೂ ನಗು ಬಂತು. ಅವತ್ತಿನಿಂದ ಮತ್ತೆ ಏಕವಚನಕ್ಕೇ ಬಂದೆ. ಮೇಷ್ಟ್ರೂ ಈಗ 'ಅವನು' ಅಂತಲೇ ಹೇಳುತ್ತಾರೆ.